ಶುಭಕ್ಕೂ ಅಶುಭಕ್ಕೂ ಒಂದೇ ಕೀಬೋರ್ಡು

ಕಳೆದ ಒಂದು ತಿಂಗಳಿನಿಂದ ನಾನು ಟೈಪ್ ಮಾಡುವ ಅಕ್ಷರಗಳು ಎಲ್ಲಿಗೆ ಹೋಗುತ್ತಿವೆ ಎಂಬುದು ನನಗೇ ಸರಿಯಾಗಿ ತಿಳಿಯುತ್ತಿಲ್ಲ. ಇದನ್ನು ಯಜಮಾನರ ಮುಂದೆ ಹೇಳಿದರೆ ಅವರು ಪೇಪರಿನಿಂದ ತಲೆ ಎತ್ತದೆ, ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಬಾ ಎಂದರು. ತಪ್ಪು ಕಣ್ಣಿನದಲ್ಲ. ನನ್ನ ಅಂಗಡಿಯಲ್ಲಿ ಎರಡು ಕಂಪ್ಯೂಟರುಗಳಿವೆ. ಈಗ ಅವೆರಡಕ್ಕೂ ಸೇರಿ ಒಂದು ಕೀಬೋರ್ಡು, ಒಂದು ಮೌಸು, ಒಂದು ಪರದೆ. ನಡುವೆ ಸೋಪಿನ ಡಬ್ಬಿಯಷ್ಟು ದೊಡ್ಡ ಒಂದು ಪೆಟ್ಟಿಗೆ, ಅದರ ಮೇಲೊಂದು ಗುಂಡಿ. ಒತ್ತಿದರೆ ಒಂದು ಕಂಪ್ಯೂಟರು, ಮತ್ತೆ ಒತ್ತಿದರೆ ಇನ್ನೊಂದು. ಇಷ್ಟು ಸರಳವಾದ ವಸ್ತುವಿನಿಂದ ಅಷ್ಟೊಂದು ಗೊಂದಲ ಹೇಗೆ ಹುಟ್ಟಿತು ಎಂದು ನೀವು ಕೇಳಬಹುದು. ಹೇಳುತ್ತೇನೆ. ಸ್ವಲ್ಪ ಸುತ್ತಿ ಬಳಸಿ ಹೇಳುತ್ತೇನೆ, ನೇರವಾಗಿ ಹೇಳುವುದು ನನಗೆ ಬರುವುದಿಲ್ಲ.

ನಮ್ಮದು ಬನಶಂಕರಿ ಎರಡನೇ ಹಂತದಲ್ಲಿ, ಹೂವಿನವರ ಸಾಲಿನ ಹಿಂದಿನ ರಸ್ತೆಯಲ್ಲಿ ಒಂದು ಪುಟ್ಟ ಡಿಟಿಪಿ ಅಂಗಡಿ. ಮದುವೆ, ಗೃಹಪ್ರವೇಶ, ನಾಮಕರಣ, ವೈಕುಂಠ ಸಮಾರಾಧನೆ, ಹೀಗೆ ಮನುಷ್ಯ ನಾಲ್ಕು ಜನರನ್ನು ಊಟಕ್ಕೆ ಕರೆಯುವ ಯಾವ ಕಾರಣವಿದ್ದರೂ ಅದಕ್ಕೊಂದು ಕಾರ್ಡು ಮಾಡಿಕೊಡುತ್ತೇವೆ. ಮಾವನವರ ಕಾಲದಲ್ಲಿ ಅದು ಅಕ್ಷರದ ಮೊಳೆ ಜೋಡಿಸುವ ಅಚ್ಚುಕೂಟವಾಗಿತ್ತು. ಮಾವನವರು ಶುಭಕ್ಕೊಂದು, ಅಶುಭಕ್ಕೊಂದು ಎಂದು ಎರಡು ಬೇರೆ ಬೇರೆ ಮೊಳೆಯ ಪೆಟ್ಟಿಗೆಗಳನ್ನು ಇಟ್ಟಿದ್ದರು. ತಿಥಿಯ ಕಾರ್ಡಿಗೆ ಕೂರಿಸಿದ ಅಕ್ಷರವನ್ನು ಅವರು ಲಗ್ನಪತ್ರಿಕೆಯ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಈ ಸುದ್ದಿ ಬಾಯಿಂದ ಬಾಯಿಗೆ ಹಬ್ಬಿ, ದೂರದ ಬಡಾವಣೆಗಳಿಂದಲೂ ಗಿರಾಕಿಗಳು ನಮ್ಮಲ್ಲಿಗೇ ಬರತೊಡಗಿದರು. ಮುಂದೆ ಕಂಪ್ಯೂಟರು ತರುವ ಕಾಲ ಬಂದಾಗ ಮಾವನವರು, ತಂದರೆ ಎರಡು ತನ್ನಿ, ಇಲ್ಲವಾದರೆ ಒಂದೂ ಬೇಡ ಎಂದು ಹಟ ಹಿಡಿದರು. ಒಂದರ ಹಣೆಗೆ ದಿನವೂ ಕುಂಕುಮ, ಇನ್ನೊಂದಕ್ಕಿಲ್ಲ. ಆಯುಧಪೂಜೆಯ ದಿನ ಮಾತ್ರ ಎರಡಕ್ಕೂ ಇಡುತ್ತಿದ್ದರು. ಇದ್ಯಾವ ಶಾಸ್ತ್ರ ಎಂದು ಒಮ್ಮೆ ಕೇಳಿದ್ದಕ್ಕೆ, "ಅದಕ್ಕೂ ವರ್ಷಕ್ಕೊಂದ್ಸಲ ಹಬ್ಬ ಬೇಡ್ವೇನಮ್ಮ?" ಎಂದಿದ್ದರು.

ನಾನು ಬಿ.ಎಸ್ಸಿ. ಓದಿದವಳು. ಇದನ್ನೆಲ್ಲ ನಂಬುತ್ತೀಯಾ ಎಂದರೆ ಇಲ್ಲ. ಬಿಡುತ್ತೀಯಾ ಎಂದರೆ ಅದೂ ಇಲ್ಲ. ಮಾವನವರು ಹೋದ ಮೇಲೂ ಮದುವೆಯ ಕಾರ್ಡು ಕುಂಕುಮದ ಕಂಪ್ಯೂಟರಿನಲ್ಲಿ, ಸಮಾರಾಧನೆಯದು ಇನ್ನೊಂದರಲ್ಲಿ, ಹಾಗೆಯೇ ನಡೆದುಕೊಂಡು ಬಂದಿತ್ತು. ಗಿರಾಕಿಗಳಿಗೆ ಸಮಾಧಾನ, ನನಗೆ ವ್ಯಾಪಾರ.

ಹೀಗಿರುವಾಗ ಕಟ್ಟಡದ ಓನರಿಗೆ ಲಿಫ್ಟು ಹಾಕಿಸುವ ಬುದ್ಧಿ ಬಂತು. ಲಿಫ್ಟಿಗೆ ಜಾಗ ಬೇಕೆಂದು ನಮ್ಮ ಅಂಗಡಿಯ ಗೋಡೆಯನ್ನು ಎರಡಡಿ ಒಳಕ್ಕೆ ತಳ್ಳಿದರು. ಟೇಬಲ್ಲು ಮೋಟಾಯಿತು. ಎರಡು ಪರದೆ ಇಟ್ಟರೆ ಪ್ರಿಂಟರಿಗೆ ಜಾಗವಿಲ್ಲ, ಪ್ರಿಂಟರ್ ಇಟ್ಟರೆ ನನಗೆ ಜಾಗವಿಲ್ಲ. ಆಗ ಈ ಪೆಟ್ಟಿಗೆಯನ್ನು ತಂದುಕೊಟ್ಟವರು ಕುಮಾರಸ್ವಾಮಿ ಲೇಔಟಿನ ಮಂಜುನಾಥ್. ಇಪ್ಪತ್ತು ವರ್ಷದಿಂದ ನಮ್ಮ ಅಂಗಡಿಯ ಕಂಪ್ಯೂಟರುಗಳಿಗೆ ಅವರೇ ವೈದ್ಯರು. ಮೀಸೆ ಬೆಳ್ಳಗಾಗಿದೆ, ಮಾತು ಮಾತ್ರ ಕರೆಂಟಿನಷ್ಟೇ ಚುರುಕು.

"ಮೇಡಂ, ತುಂಬಾ ಸಿಂಪಲ್ಲು. ಗುಂಡಿ ಒತ್ತಿದ್ರೆ ಕೀಬೋರ್ಡು ಇದರದು, ಇನ್ನೊಂದ್ಸಲ ಒತ್ತಿದ್ರೆ ಅದರದು."

"ಒತ್ತದೇ ಇದ್ರೆ ಯಾರದು?"

ಮಂಜುನಾಥ್ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಅಷ್ಟೆಲ್ಲ ಯೋಚ್ನೆ ಮಾಡ್ಬೇಡಿ ಮೇಡಂ" ಎಂದು ಹೇಳಿ ಸ್ಕೂಟರ್ ಹತ್ತಿದರು. ಅಷ್ಟೆಲ್ಲ ಯೋಚನೆ ಮಾಡುವುದು ಅಂದಿನಿಂದಲೇ ಶುರುವಾಯಿತು.

ಎರಡು ಕಂಪ್ಯೂಟರು ಬೇರೆ ಬೇರೆ, ಸರಿ. ಆದರೆ ಕೀಬೋರ್ಡು ಒಂದೇ ಆದ ಮೇಲೆ ಶುಭಕ್ಕೂ ಅಶುಭಕ್ಕೂ ನಡುವಿನ ಗೋಡೆ ಎಲ್ಲಿ ಉಳಿಯಿತು? ನಮ್ಮ ಅತ್ತೆಯವರ ಅಡುಗೆಮನೆಯಲ್ಲಿ ಮುಸುರೆಯ ಕಾನೂನಿತ್ತು. ಅನ್ನದ ಪಾತ್ರೆ ಮುಟ್ಟಿದ ಕೈ ಮೊಸರಿಗೆ ಹೋಗಬೇಕಾದರೆ ನಡುವೆ ನೀರು ಮುಟ್ಟಲೇಬೇಕು. ಅದೇ ಪ್ರಕಾರ ನಡುವೆ ನೀರು ಮುಟ್ಟಿಸೋಣವೆಂದರೆ ಕೀಬೋರ್ಡಿಗೂ ನೀರಿಗೂ ಆಗಿಬರುವುದಿಲ್ಲ. ಗಿರಾಕಿಗಳು ನೋಡುತ್ತಿದ್ದರೆ ಒಣಬಟ್ಟೆಯಲ್ಲಿ ಒಮ್ಮೆ ಒರೆಸುತ್ತಿದ್ದೆ. ಯಾರೂ ನೋಡದಿದ್ದರೆ ಅದೂ ಇಲ್ಲ. ಮಡಿಯೆನ್ನುವುದು ಮುಕ್ಕಾಲು ಪಾಲು ನೋಡುವವರಿಗಾಗಿಯೇ ಇದೆ ಎಂದು ನನಗೆ ಬಹಳ ದಿನದಿಂದ ಅನುಮಾನ.

ಹಳೆಯ ಕತೆಗಳಲ್ಲಿ ಪರಕಾಯ ಪ್ರವೇಶ ಮಾಡುವ ಯೋಗಿಗಳು ಬರುತ್ತಾರೆ. ತಮ್ಮ ದೇಹವನ್ನು ಗುಹೆಯಲ್ಲಿ ಶಿಷ್ಯರ ಕಾವಲಿಗೆ ಬಿಟ್ಟು, ಸತ್ತ ರಾಜನ ದೇಹವನ್ನು ಹೊಕ್ಕು, ಅಲ್ಲಿ ಸಕಲ ಭೋಗವನ್ನೂ ಅನುಭವಿಸಿ ತಿರುಗಿ ಬರುತ್ತಾರೆ. ಅರಮನೆಯಲ್ಲಿ ಉಂಡ ಹೋಳಿಗೆಯ ಪುಣ್ಯಪಾಪ ಯೋಗಿಗೆ ಸೇರಿತೋ ರಾಜನಿಗೆ ಸೇರಿತೋ ಎಂದು ಚಿಕ್ಕಂದಿನಲ್ಲಿ ಹರಿಕತೆ ಹೇಳುತ್ತಿದ್ದ ದಾಸರನ್ನು ಕೇಳಿ ಗದರಿಸಿಕೊಂಡಿದ್ದೆ. ಐವತ್ತು ದಾಟಿದ ಮೇಲೆ ಅದೇ ಪ್ರಶ್ನೆ ಕೀಬೋರ್ಡಿನ ರೂಪದಲ್ಲಿ ಎದುರು ಬಂದು ಕೂತಿತು. ಈ ಸಲ ಗದರಿಸುವುದಕ್ಕೆ ದಾಸರೂ ಇಲ್ಲ.

ವೇದಾಂತ ಹಾಗಿರಲಿ, ಲೌಕಿಕದ ತೊಂದರೆಯೂ ಇತ್ತು. ಗುಂಡಿ ಒತ್ತಿದ ಮೇಲೆ ಪರದೆ ಮೂರು ಎಣಿಸುವಷ್ಟು ಹೊತ್ತು ಕಪ್ಪಗಾಗುತ್ತದೆ. ಅಷ್ಟರಲ್ಲಿ ನಾನು ಒಂದು ಸಾಲು ಹೊಡೆದಿರುತ್ತೇನೆ. ನಮ್ಮ ಕಸುಬಿನವರು ಪರದೆ ನೋಡಿಕೊಂಡು ಟೈಪ್ ಮಾಡುವುದಿಲ್ಲ. ಗಿರಾಕಿ ಬರೆದು ತಂದ ಚೀಟಿಯ ಮೇಲೆ ಕಣ್ಣು, ಬೆರಳು ತನ್ನಷ್ಟಕ್ಕೆ ಓಡುತ್ತಿರುತ್ತದೆ. ಮೊದಲ ವಾರವೇ ಒಂದು ನಾಮಕರಣದ ಊಟದ ಸಮಯ ಹೋಗಿ ಯಾರದೋ ಪುಣ್ಯಸ್ಮರಣೆಯ ಕಾರ್ಡಿನಲ್ಲಿ ಕೂತಿತ್ತು. ಎರಡಕ್ಕೂ ಹನ್ನೆರಡೂವರೆಗೇ ಊಟವಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ. ಎರಡು ದೋಣಿಯ ಮೇಲೆ ಕಾಲಿಟ್ಟವರ ಕತೆ ಕೇಳಿದ್ದೆ. ನಾನು ಎರಡು ದೋಣಿಯ ಮೇಲೂ ಹತ್ತು ಬೆರಳಿಟ್ಟು ಕೂತಿದ್ದೆ.

ಕಳೆದ ಬುಧವಾರ ಬೆಳಿಗ್ಗೆ ಮುನಿತಾಯಮ್ಮನವರು ಬಂದರು. ಹುಳಿಮಾವಿನವರು. ಒಂದು ಕಾಲದಲ್ಲಿ ಕೆರೆಯ ಕೆಳಗೆ ರಾಗಿ, ಹೂವು ಬೆಳೆಯುತ್ತಿದ್ದ ಮನೆತನ. ಈಗ ಅದೇ ಹೊಲದಲ್ಲಿ ಬಾಡಿಗೆಯ ಮನೆಗಳು ಎದ್ದಿವೆ. ಎಪ್ಪತ್ತೈದು ದಾಟಿದ್ದರೂ ಮನೆಯಲ್ಲಿ ಏನೇ ಕಾರ್ಯವಿದ್ದರೂ ಅವರೇ ಆಟೋ ಮಾಡಿಕೊಂಡು ನಮ್ಮಲ್ಲಿಗೆ ಬರುತ್ತಾರೆ. ಅವರ ಮಕ್ಕಳ ಲಗ್ನಪತ್ರಿಕೆ, ಗಂಡನ ಸಮಾರಾಧನೆಯ ಕಾರ್ಡು, ಎಲ್ಲವೂ ನಮ್ಮಲ್ಲೇ ಆದದ್ದು. ಈಗ ಮೊಮ್ಮಗ ಮನೋಹರನ ಮದುವೆ. ಅಜ್ಜಿಯ ಕೈಯಲ್ಲಿ ಸಾಕಿಸಿಕೊಂಡ ಹುಡುಗನಂತೆ. ಚೀಟಿಯನ್ನು ಸೆರಗಿನ ತುದಿಯಿಂದ ಬಿಚ್ಚಿಕೊಟ್ಟು, ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತರು. "ಒಳ್ಳೆ ಗಳಿಗೇಲಿ ಸುರು ಮಾಡಮ್ಮ. ಅವ್ನ ಹೆಸ್ರು ಮೊದ್ಲು ಹೊಡಿ" ಎಂದರು.

ಆ ಹೊತ್ತಿಗೆ ಪರದೆಯ ಮೇಲೆ ಬಿಟಿಎಂ ಲೇಔಟಿನ ಒಬ್ಬ ಮೇಷ್ಟರ ವೈಕುಂಠ ಸಮಾರಾಧನೆಯ ಕಾರ್ಡಿತ್ತು. ಫೋಟೋ ಕೂರಿಸಿ, ಅದರ ಕೆಳಗೆ "ದಿವಂಗತ" ಎಂದು ಹೊಡೆದು, ಹೆಸರು ಹೊಡೆಯುವಷ್ಟರಲ್ಲಿ ಇವರು ಬಂದಿದ್ದರು. ಗುಂಡಿ ಒತ್ತಿದೆ. ಪರದೆ ಕಪ್ಪಗಾಯಿತು. ಕಣ್ಣು ಚೀಟಿಯ ಮೇಲಿಟ್ಟು, ಒಳ್ಳೆಯ ಗಳಿಗೆ ಮೀರಬಾರದೆಂದು, ಹುಡುಗನ ಹೆಸರು ಹೊಡೆದೆ. ತಲೆ ಎತ್ತಿದರೆ ಕುಂಕುಮದ ಕಂಪ್ಯೂಟರು ಬಂದೇ ಇರಲಿಲ್ಲ. ಗುಂಡಿ ಸರಿಯಾಗಿ ಕೂರದೆ, ಪರದೆ ಒಮ್ಮೆ ಕಣ್ಣು ಮುಚ್ಚಿ ಹಳೆಯದಕ್ಕೇ ತೆರೆದುಕೊಂಡಿತ್ತು. ಹಾರ ಹಾಕಿದ ಮೇಷ್ಟರ ಫೋಟೋದ ಕೆಳಗೆ, ದಪ್ಪ ಅಕ್ಷರದಲ್ಲಿ, "ದಿವಂಗತ ಚಿ. ರಾ. ಮನೋಹರ" ಎಂದಿತ್ತು.

ಮುನಿತಾಯಮ್ಮನವರಿಗೆ ಹೋದ ತಿಂಗಳಷ್ಟೇ ಕಣ್ಣಿನ ಪೊರೆ ತೆಗೆಸಿದ್ದಾರೆ. ಚೆನ್ನಾಗಿ ಕಾಣುತ್ತದೆ.

"ಅದೇನಮ್ಮ, ನಮ್ ಹುಡುಗನ ಹೆಸ್ರು ಅಲ್ಯಾಕೆ ಬಂತು?"

ನನ್ನ ಬಿ.ಎಸ್ಸಿ. ಎಲ್ಲಿ ಹೋಯಿತೋ ಕಾಣೆ. ಒಂದೊಂದೇ ಅಕ್ಷರವನ್ನು ಹಿಂದಕ್ಕೆ ಅಳಿಸುತ್ತಾ ಬಂದೆ. ಅಳಿಸುವಾಗ ಆ ಹುಡುಗನ ಹೆಸರು ಕೊನೆಯಿಂದ ಕರಗುತ್ತಾ ಹೋಗುವುದನ್ನು ಇಬ್ಬರೂ ನೋಡಿದೆವು. ಅದು ಇನ್ನೂ ಕೆಟ್ಟದಾಗಿ ಕಂಡಿತು.

"ಅಳಿಸ್ಬಿಟ್ಟೆ ಅಮ್ಮಾ. ಹೋಯ್ತು."

"ಎಲ್ಲಿಗೋಯ್ತು?"

ಇಷ್ಟು ವರ್ಷ ಈ ಕಸುಬು ಮಾಡಿದ್ದೇನೆ. ಅಳಿಸಿದ ಅಕ್ಷರ ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತಿಲ್ಲ. ಸುಳ್ಳು ಹೇಳುವುದಕ್ಕೂ ಏನೂ ಹೊಳೆಯದೆ, ಲಿಫ್ಟಿನಿಂದ ಹಿಡಿದು ಪೆಟ್ಟಿಗೆಯವರೆಗೆ ಎಲ್ಲವನ್ನೂ ಹೇಳಿಬಿಟ್ಟೆ. ಟೇಬಲ್ಲಿನ ಕೆಳಗೆ ಬಗ್ಗಿ ಎರಡೂ ಕಂಪ್ಯೂಟರುಗಳನ್ನು ತೋರಿಸಿದೆ. ಈ ಅಪಶಕುನವನ್ನು ಹೊತ್ತುಕೊಂಡು ಅವರು ಮನೆಗೆ ಹೋಗಿ, ಮದುವೆ ಮುಗಿಯುವವರೆಗೆ ಆ ಹುಡುಗ ಗಾಡಿ ತೆಗೆದಾಗಲೆಲ್ಲ ಎದೆ ಹಿಡಿದುಕೊಂಡು ಕೂರುತ್ತಾರಲ್ಲ ಎಂದು ನಿಜಕ್ಕೂ ಸಂಕಟವಾಯಿತು.

"ಎರಡಕ್ಕೂ ಇದೊಂದೇನಾ?" ಎಂದು ಕೀಬೋರ್ಡಿನ ಕಡೆ ಕೈ ತೋರಿಸಿದರು.

"ಇದೊಂದೇ ಅಮ್ಮಾ. ನಿಮಗೆ ಮನಸ್ಸಿಗೆ ಒಂಥರಾ ಆದ್ರೆ ಬೇರೆ ಕಡೆ ಮಾಡಿಸ್ಕೊಳ್ಳಿ. ನಾನು ಬೇಜಾರು ಮಾಡ್ಕೊಳಲ್ಲ."

ಬೇಜಾರು ಆಗಲೇ ಆಗಿತ್ತು. ಮುನಿತಾಯಮ್ಮನವರು ಮೇಷ್ಟರ ಫೋಟೋವನ್ನೇ ನೋಡುತ್ತಿದ್ದರು.

"ನಮ್ ಮನೋಹರನ ತಾತ ಹೋದಾಗ ನಿಮ್ ಮಾವ್ನೋರೇ ಕಾರ್ಡು ಮಾಡ್ಕೊಟ್ಟಿದ್ದು. ಹನ್ನೊಂದ್ನೇ ದಿನದ ಕಾರ್ಯಕ್ಕೆ ಇನ್ನೂ ಮೂರ್ ದಿನ ಐತೆ ಅನ್ನುವಾಗ ಇವ್ನು ಹುಟ್ಟಿದ. ಸೂತ್ಕದ ಮನೆ, ಮಗೀಗೆ ನೀರು ಹಾಕಾಕೆ ಒಬ್ರೂ ಬರ್ಲಿಲ್ಲ. ಅವ್ರ ಬಾಯಿಗೆ ಕೊನೇ ನೀರು ಬಿಟ್ಟಿದ್ದೂ ಇದೇ ಕೈ, ಇವ್ನಿಗೆ ಮೊದ್ಲು ನೀರು ಹಾಕಿದ್ದೂ ಇದೇ ಕೈ. ಏನಾಯ್ತು? ಇಪ್ಪತ್ತೆಂಟು ವರ್ಸ, ಗುಂಡ್ಕಲ್ಲಂಗವ್ನೆ." ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. "ಒತ್ತಮ್ಮ ನೀನು. ಈ ಸಲ ನೋಡ್ಕೊಂಡು ಒತ್ತು."

ಒತ್ತಿದೆ. ಮೂರು ಎಣಿಸಿದೆ. ಕುಂಕುಮದ ಕಂಪ್ಯೂಟರು ಬಂದದ್ದನ್ನು ಇಬ್ಬರೂ ಖಾತ್ರಿ ಮಾಡಿಕೊಂಡೆವು. ಹೆಸರು, ಮುಹೂರ್ತ, ಛತ್ರ, ಕೊನೆಯಲ್ಲಿ ಮನೆಯ ಪುಟಾಣಿಗಳ ಹೆಸರುಗಳ ಉದ್ದನೆಯ ಸಾಲು, ಎಲ್ಲವನ್ನೂ ಕೂರಿಸಿ ಒಂದು ಪ್ರೂಫ್ ತೆಗೆದೆ. ಮದುವೆಯ ಕಾರ್ಡಿನ ಮೊದಲ ಪ್ರತಿಯ ನಾಲ್ಕು ಮೂಲೆಗೂ ಮನೆಯ ಹಿರಿಯ ಹೆಣ್ಣುಮಗಳು ಅರಿಶಿನ ಹಚ್ಚುವುದು ನಮ್ಮ ಅಂಗಡಿಯ ರೂಢಿ. ಅರಿಶಿನದ ಬಟ್ಟಲನ್ನು ಅವರ ಮುಂದೆ ಸರಿಸಿದೆ.

ಮುನಿತಾಯಮ್ಮನವರು ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ನಾನ್ ಹಚ್ಬಾರ್ದು ಕಣಮ್ಮ. ಮನೇಗ್ ತಗೊಂಡೋಗ್ತೀನಿ, ಸೊಸೆ ಹಚ್ತಾಳೆ."

ನನಗೆ ಈ ಒಂದು ತಿಂಗಳಲ್ಲಿ ಆಗದಷ್ಟು ಗೊಂದಲ ಆ ಕ್ಷಣದಲ್ಲಾಯಿತು. ನನ್ನ ಕೀಬೋರ್ಡಿನ ಪರವಾಗಿ ಇಷ್ಟು ಹೊತ್ತು ಸಾಕ್ಷಿ ಹೇಳಿ ಗೆಲ್ಲಿಸಿದ ಕೈ, ತನ್ನ ಸರದಿ ಬಂದಾಗ ಸೆರಗಿನೊಳಗೆ ಸೇರಿಕೊಂಡಿತ್ತು. ಸಿಟ್ಟು ಬಂತು. ಯಾರ ಮೇಲೆ ಎಂದು ಹುಡುಕಿದರೆ ನನ್ನ ಮೇಲೆಯೇ. ಇಷ್ಟು ವರ್ಷ ಈ ಬಟ್ಟಲನ್ನು ಎಷ್ಟು ಜನರ ಮುಂದೆ ಸರಿಸಿದ್ದೇನೆ. ಜೊತೆಗೆ ಬಂದ ಗಂಡನಿಲ್ಲದ ಅಜ್ಜಿಯರನ್ನು ಫ್ಯಾನಿನ ಕೆಳಗೆ ಕೂರಿಸಿ, ನೀರು ಕೊಟ್ಟು, ಬಟ್ಟಲನ್ನು ಮಾತ್ರ ಅವರನ್ನು ದಾಟಿಸಿ ಸೊಸೆಯಂದಿರಿಗೆ ಕೊಟ್ಟಿದ್ದೇನೆ. ಅವತ್ತು ಕೊಟ್ಟದ್ದೂ ವಿಚಾರ ಮಾಡಿ ಅಲ್ಲ. ಪಕ್ಕದಲ್ಲಿ ಸೊಸೆ ಇರಲಿಲ್ಲ, ಅದಕ್ಕೆ.

"ಅಮ್ಮಾ," ಎಂದೆ, "ನನ್ ಕೀಬೋರ್ಡ್ ಆಗತ್ತೆ, ನಿಮ್ ಕೈ ಆಗಲ್ವಾ?"

ಅವರು ಬಾಗಿಲ ಕಡೆ ತಿರುಗಿ ನೋಡಿದರು. ಹೊರಗೆ ಆಟೋದವನು ಮೊಬೈಲಿನಲ್ಲಿ ಮುಳುಗಿದ್ದ. ನನ್ನ ಮುಖ ನೋಡಿದರು. ಕಾರ್ಡಿನ ಮೇಲಿನ ಮೊಮ್ಮಗನ ಹೆಸರನ್ನು ಬೆರಳು ತಾಗಿಸದೆ ಇನ್ನೊಮ್ಮೆ ಓದಿಕೊಂಡರು.

"ನಮ್ ಸೊಸೆ ಮುಂದೆ ಹೇಳ್ಬ್ಯಾಡ," ಎಂದು ಬೆರಳನ್ನು ಬಟ್ಟಲಿಗೆ ಅದ್ದಿದರು.

ಮೊದಲ ಮೂಲೆಗೆ ಹಚ್ಚುವಾಗ ಕಣ್ಣು ಬಾಗಿಲ ಕಡೆಯೇ ಇತ್ತು. ನಾಲ್ಕನೆಯದಕ್ಕೆ ಬರುವಾಗ ಕಾರ್ಡಿನ ಮೇಲೆಯೇ ಇತ್ತು. ಬೆರಳಿನಲ್ಲಿ ಮಿಕ್ಕ ಅರಿಶಿನವನ್ನು ಎಲ್ಲಿ ಒರೆಸುವುದೆಂದು ಅತ್ತಿತ್ತ ನೋಡಿ, ಹತ್ತಿರದಲ್ಲಿದ್ದ ಕೀಬೋರ್ಡಿಗೇ ಒರೆಸಿ, "ಬರ್ತೀನಮ್ಮ" ಎಂದು ಎದ್ದರು. ಆಟೋ ತಿರುವಿನವರೆಗೆ ಹೋಗುವುದನ್ನು ನೋಡುತ್ತಾ ನಿಂತಿದ್ದೆ.

ಮಂಜುನಾಥ್ ನೋಡಿದರೆ ಖಂಡಿತ ಬೈಯುತ್ತಾರೆ. ಒಣಬಟ್ಟೆ ಕೈಗೆ ತೆಗೆದುಕೊಂಡವಳು ಹಾಗೆಯೇ ಕೆಳಗಿಟ್ಟೆ. ಕೂತು ಗುಂಡಿ ಒತ್ತಿದೆ, ಮೂರು ಎಣಿಸಿದೆ. ಮೇಷ್ಟರು ತಿರುಗಿ ಬಂದರು. ಅವರ ಹೆಸರು ಇನ್ನೂ ಹೊಡೆಯಬೇಕಿತ್ತು. ಅದೇ ಹಳದಿ ಅಕ್ಷರಗಳ ಮೇಲೆ ಬೆರಳಿಟ್ಟು, ಒಂದೊಂದನ್ನೂ ನೋಡಿಕೊಂಡು, ನಿಧಾನವಾಗಿ ಹೊಡೆದೆ.