ಚೌಡತ್ತೆಯ ಗಾಜಿನ ಕೆರೆ

ಪಕ್ಕದ ಮನೆಯವರು ಭಾನುವಾರ ಬೆಳಿಗ್ಗೆ ತಮ್ಮ ಮೀನಿನ ತೊಟ್ಟಿ ತೊಳೆದು ಹಳೆಯ ನೀರನ್ನು ಚರಂಡಿಗೆ ಚೆಲ್ಲುತ್ತಾರೆ. ನನ್ನ ಸೊಸೆ ಮೂಗು ಮುಚ್ಚಿಕೊಂಡು ಕಿಟಕಿ ಹಾಕಲು ಓಡುತ್ತಾಳೆ. ನಾನು ಬೇಡ ಅನ್ನುತ್ತೇನೆ. ಮುದುಕಿಗೆ ಮೂಗೂ ಹೋಯಿತು ಅಂದುಕೊಂಡಿರಬೇಕು ಪಾಪ. ಮೂಗು ಹೋಗಿಲ್ಲ. ನಿಂತ ನೀರು, ಹಸಿ ಪಾಚಿ, ಒದ್ದೆ ಮರಳು ಮೂರೂ ಸೇರಿದ ಆ ವಾಸನೆ ಬಂದರೆ ನಾನು ಒಂಬತ್ತು ವರ್ಷದವಳಾಗಿ ತಮಿಳು ಸೀಮೆಯ ಸಿರುಮುಗೈಯ ನಮ್ಮ ಹಿತ್ತಿಲ ಜಗಲಿಯ ಮೇಲೆ ಕುಳಿತಿರುತ್ತೇನೆ. ನಿಮಗೂ ಇಂಥದ್ದೊಂದು ವಾಸನೆ ಇದ್ದೇ ಇರುತ್ತದೆ, ಬೇರೆಯವರಿಗೆ ನಾತ, ನಿಮಗೆ ಮಾತ್ರ ತವರು.

ಅದು ಮೂವತ್ತರ ದಶಕದ ನಡುವಿನ ಮಾತು. ನಮ್ಮದು ನೇಯುವವರ ಬೀದಿ. ಮನೆಗೊಂದು ಕುಣಿಮಗ್ಗ, ಕೆಲವರಿಗೆ ಎರಡು. ನಸುಕಿನಲ್ಲೇ ಹಾಸಿನ ನೂಲನ್ನು, ಎಂದರೆ ಬಟ್ಟೆಯ ಉದ್ದದ ಎಳೆಗಳನ್ನು, ಬೀದಿಯುದ್ದಕ್ಕೂ ಬಿಗಿದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತಿಕ್ಕಿ, ಬಿಸಿಲೇರುವ ಮುಂಚೆ ಒಣಗಿಸಿ ಸುತ್ತಿಡುತ್ತಿದ್ದರು. ಬಡಕಲು ನೂಲು ಗಂಜಿ ಕುಡಿದರೆ ಗಟ್ಟಿಯಾಗುತ್ತದೆ ಎನ್ನುವುದು ನಮ್ಮ ಬೀದಿಯ ಕೂಸುಗಳಿಗೆ ಮಾತು ಬರುವ ಮೊದಲೇ ಗೊತ್ತಿರುತ್ತಿತ್ತು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಈ ಕನ್ನಡ ಅಕ್ಷರಗಳನ್ನು ನಮ್ಮ ಊರಲ್ಲಿ ಯಾರೂ ಕಲಿಸುತ್ತಿರಲಿಲ್ಲ, ನಾನು ಕಲಿತದ್ದು ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದ ಮೇಲೆ. ಹಾಗಾಗಿ ಇದನ್ನು ಓದಬೇಕಾಗಿದ್ದವಳಿಗೆ ಇದನ್ನು ಓದಲು ಬರುತ್ತಿರಲಿಲ್ಲ.

ಅವಳು ಚೌಡತ್ತೆ, ಅಪ್ಪನ ತಂಗಿ. ಹದಿನಾರಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವಳು ಮತ್ತೆ ಬೀದಿ ಬಾಗಿಲಾಚೆ ಹೋಗಿರಲಿಲ್ಲ. ಹಿಂದಿನ ಕೋಣೆಯಲ್ಲಿ ರಾಟೆ ತಿರುಗಿಸುತ್ತ, ಲಾಳಿಯೊಳಗೆ ಕೂರುವ ನೂಲಿನ ಕಂಡಿಕೆ ಸುತ್ತುವುದೇ ಅವಳ ಲೋಕ. ಹೊಸ ಹಾಸನ್ನು ಮಗ್ಗಕ್ಕೆ ಏರಿಸುವ ದಿನ ಅವಳು ಎದುರಿಗೆ ಬರಕೂಡದು. ಯಾರೂ ಹೇಳಬೇಕಾಗಿರಲಿಲ್ಲ, ತಾನಾಗಿಯೇ ಹಿತ್ತಿಲಿಗೆ ಹೋಗಿ ಹುಣಿಸೆಮರದ ಕೆಳಗೆ ಕೂರುತ್ತಿದ್ದಳು. ಅವಳ ಕೈಯಲ್ಲಿ ಸುತ್ತಿದ ನೂಲು ಬೇಕು, ಅವಳ ಮುಖ ಬೇಡ. ಇದರಲ್ಲಿ ಏನೋ ಸರಿಯಿಲ್ಲ ಎಂದು ಆ ಮನೆಯಲ್ಲಿ ಒಬ್ಬರಿಗೂ ಅನಿಸಲಿಲ್ಲ, ನನ್ನನ್ನೂ ಸೇರಿಸಿ.

ಒಂದು ದಿನ ನಾನು ಒದ್ದೆ ಲಂಗದಲ್ಲಿ ಹೊಳೆಯಿಂದ ಬಂದಾಗ ಅತ್ತೆ ಕೇಳಿದಳು: “ಹೊಳೆ ಮಗ್ಗುಲಲ್ಲಿ ಒಂದು ಗುಂಡಿ ಇತ್ತಲ್ಲ ಕಣ್ಣು, ತಾವರೆ ಎಲೆ ಇರೋದು. ಈಗ್ಲೂ ಐತಾ?” ಕಣ್ಣು ಅನ್ನುವುದು ನಮ್ಮ ಕಡೆ ಮಕ್ಕಳನ್ನು ಮುದ್ದಿನಿಂದ ಕರೆಯುವ ಮಾತು. ಭವಾನಿ ಹೊಳೆ ನಮ್ಮ ಮನೆಗೆ ಎರಡೇ ಬೀದಿ ಆಚೆ. ಒಂಬತ್ತು ವರ್ಷದಿಂದ, ಎಂದರೆ ನಾನು ಹುಟ್ಟಿದಾಗಿನಿಂದ, ಅವಳು ಅದನ್ನು ನೋಡಿರಲಿಲ್ಲ. ಅತ್ತೆ ಹೊಳೆಗೆ ಹೋಗದಿದ್ದರೆ ಹೊಳೆಯನ್ನೇ ತರೋಣ ಎಂದು ನನಗೆ ಹೊಳೆದದ್ದು ಆಗ.

ಅಂಗಡಿಯಲ್ಲಿ ಪೆಪ್ಪರಮಿಂಟು ತುಂಬುವ ದೊಡ್ಡ ಗಾಜಿನ ಜಾಡಿಯೊಂದರ ಬಾಯಿ ಮುಕ್ಕಾಗಿತ್ತು. ಕಾಡಿ ಬೇಡಿ ಅದನ್ನು ಹಿತ್ತಿಲ ಜಗಲಿಗೆ ಹೊತ್ತು ತಂದೆ. “ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು” ಎಂದು ಅಜ್ಜಿ, ಅಪ್ಪನ ತಾಯಿ, ಮೂದಲಿಸಿದಳು. ಅತ್ತೆ ಮಾತ್ರ ರಾಟೆ ಬಿಟ್ಟು ಎದ್ದು ಬಂದಳು. ಮುಕ್ಕಾದ ಅಂಚಿಗೆ ಹಳೆಯ ಬಟ್ಟೆ ಸುತ್ತಿ ನೂಲಿನಿಂದ ಬಿಗಿದಳು. ಮರಳನ್ನು ಏಳು ನೀರಿನಲ್ಲಿ ತೊಳೆದಳು, ಕೆಸರಿನ ಎಳೆಯೂ ಉಳಿಯದ ಹಾಗೆ. ಪಾಚಿಗಿಡದ ಬೇರನ್ನು ಒಂದೊಂದು ಬೆಣಚುಕಲ್ಲಿಗೆ ಕಟ್ಟಿದಳು, ಕಡಿದ ಎಳೆಯನ್ನು ಮಗ್ಗದಲ್ಲಿ ಕೂಡಿಸುವ ಅದೇ ಗಂಟು. ನಾನು ಬಾವಿ ನೀರು ಸೇದಲು ಹೊರಟರೆ ತಡೆದಳು. “ನಮ್ಮ ಬಾವಿ ನೀರು ಉಪ್ಪು, ನೂಲಿಗೇ ಆಗಲ್ಲ. ಅದ್ರ ನೀರು ಅದ್ರ ಊರಿಂದ್ಲೇ ಬರ್ಲಿ.” ಆರು ಸಲ ಹೊಳೆಗೆ ಹೋಗಿ ಬಂದೆ, ಸೊಂಟ ನೋಯುವ ತನಕ.

ಎರಡು ದಿನ ನೀರು ತಿಳಿಯಾಗಲು ಬಿಟ್ಟು ಆಮೇಲೆ ಜೀವಗಳನ್ನು ಬಿಟ್ಟೆವು. ಕಡಲೆಗಾತ್ರದ ಬಸವನಹುಳು, ನೀರಿನ ಮೇಲೆ ಓಡುವ ಉದ್ದಕಾಲಿನ ಹುಳು, ಬೆರಳುದ್ದದ ಎರಡು ಮೀನು, ಹನ್ನೊಂದು ಗೊದಮೊಟ್ಟೆ. ಬೆಳಗಿನ ಬಿಸಿಲು ಜಾಡಿಯನ್ನು ಹಾದು ಗೋಡೆಯ ಮೇಲೆ ಹಸಿರಾಗಿ ಆಡುತ್ತಿತ್ತು. ಅತ್ತೆ ಈಗ ರಾಟೆಯನ್ನು ಜಗಲಿಗೇ ತಂದುಕೊಂಡು ಒಂದು ಕಣ್ಣು ನೂಲಿನ ಮೇಲೆ, ಒಂದು ಕಣ್ಣು ನೀರಿನ ಮೇಲೆ ಇಟ್ಟು ಕೂರುತ್ತಿದ್ದಳು. ಒಂದು ಗೊದಮೊಟ್ಟೆಗೆ ಹಿಂಗಾಲು ಮೂಡಿದ ದಿನ ನಾನು ಶಾಲೆಯಿಂದ ಬಂದು ಹೊಸ್ತಿಲು ತುಳಿಯುತ್ತಿದ್ದಂತೆ ಹಿಂದಿನಿಂದಲೇ ಕೂಗಿದಳು: “ಓಡಿ ಬಾ, ನಮ್ಮ ಮಾಪ್ಪಿಳ್ಳೆಗೆ ಕಾಲು ಬಂತು!” ಮಾಪ್ಪಿಳ್ಳೆ ಎಂದರೆ ಮದುಮಗ. ನೀರಿಗೆ ಬೆರಳದ್ದಿದರೆ ಅದು ಬಂದು ಅವಳ ಉಗುರನ್ನು ಮುಟ್ಟುತ್ತಿತ್ತು, ಅವಳು ನಗುತ್ತಿದ್ದಳು. ಅತ್ತೆಗೆ ಗಟ್ಟಿಯಾಗಿ ನಗಲು ಬರುತ್ತದೆ ಎಂದು ನನಗೆ ಗೊತ್ತಾದದ್ದೇ ಆಗ.

ಮುಂಗಾಲೂ ಬಂದ ಮೇಲೆ ಮಾಪ್ಪಿಳ್ಳೆ ದಿನದಿಂದ ದಿನಕ್ಕೆ ಸಣಕಲಾದ, ಬಾಲ ಕರಗತೊಡಗಿತು. ಕಪ್ಪೆಯಾಗುವಾಗ ಬಾಲ ಕರಗಲೇಬೇಕು ಎಂದು ನನಗೆ ಹೇಳುವವರಾರು? ಸೊರಗುತ್ತಿದ್ದಾನೆ ಅಂದುಕೊಂಡೆ. ಸೊರಗಿದ್ದಕ್ಕೆ ನಮ್ಮ ಬೀದಿಗೆ ಗೊತ್ತಿದ್ದ ಮದ್ದು ಒಂದೇ. ಅಂದು ನಮ್ಮ ಹಾಸಿನ ನೂಲಿಗೆ ಗಂಜಿ ಹಚ್ಚಿದ ದಿನ. ಮಿಕ್ಕ ಗಂಜಿಯನ್ನು ಒಂದು ಬಟ್ಟಲು ತೆಗೆದುಕೊಂಡು, ಅತ್ತೆ ಹಿತ್ತಿಲ ಬಾವಿಯ ಬಳಿ ಇದ್ದಾಗ ಜಾಡಿಗೆ ಸುರಿದೆ. ಸಂಜೆಯ ಹೊತ್ತಿಗೆ ಗಟ್ಟಿಯಾಗಿರುತ್ತಾನೆ, ಅತ್ತೆಗೆ ತೋರಿಸಬೇಕು ಎಂದು ಮನಸ್ಸಿನಲ್ಲೇ ಕುಣಿದೆ. ಸಂಜೆ ನೀರು ಮಂಕಾಗಿತ್ತು. ಬೆಳಗಾದರೆ ಹುಳಿ ನಾತ, ಮಜ್ಜಿಗೆಯಂಥ ನೀರು, ಮೇಲೆ ಹೊಟ್ಟೆ ಮೇಲಾಗಿ ಎಲ್ಲವೂ. ಮಾಪ್ಪಿಳ್ಳೆಯ ನಾಲ್ಕು ಕಾಲೂ ಚಾಚಿಕೊಂಡಿದ್ದವು.

ಮೊದಲು ಬಂದವಳು ಅಜ್ಜಿ. “ಇಷ್ಟು ಜೀವ! ಏನು ಪಾಪ ಇದು! ಯಾರು ಮುಟ್ಟಿದ್ದು ಇದ್ನ?” “ಅತ್ತೆ ಮುಟ್ಟಿದ್ಲು, ದಿನಾ ಮುಟ್ತಾಳೆ” ಅಂದೆ. ಅದು ಸುಳ್ಳೂ ಅಲ್ಲ ನೋಡಿ. ಸುಳ್ಳಾಗಿದ್ದರೆ ಇಷ್ಟು ಸುಡುತ್ತಿರಲಿಲ್ಲವೇನೋ. ಅಜ್ಜಿ ಬೈಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮಗಳ ಕಡೆ ಒಂದು ಸಲ ನೋಡಿ, “ಅದ್ಕೇ ಮತ್ತೆ” ಎಂದು ಒಳಗೆ ಹೋದಳು.

ಜಾಡಿಯನ್ನು ಹುಣಿಸೆಮರದ ಬುಡಕ್ಕೆ ಒಯ್ದು ಬರಿದು ಮಾಡಿದವಳು ಅತ್ತೆಯೇ. ನಾನು ಹಿಂದೆ ಹಿಂದೆ ಹೋದೆ. ಅವಳು ಆ ನೀರಿನಲ್ಲಿ ಬೆರಳದ್ದಿ, ಹೆಬ್ಬೆರಳಿನಿಂದ ತಿಕ್ಕಿ ನೋಡಿದಳು, ಗಂಜಿಯ ಹದ ನೋಡುವ ಹಾಗೆ. ನನ್ನ ಕಡೆ ತಿರುಗಿದಳು. ನಾನು ನೆಲ ನೋಡಿದೆ. ಅವಳು ಮಣ್ಣು ಮುಚ್ಚಿದಳು. ಮಾರನೆಯ ದಿನ ರಾಟೆ ಮತ್ತೆ ಹಿಂದಿನ ಕೋಣೆಗೆ ಹೋಯಿತು. ಕರು ಹಾಕಿದ ಹಸುವಿನ ಹತ್ತಿರ, ಹೊಸದಾಗಿ ನೆಟ್ಟ ಗಿಡದ ಹತ್ತಿರ ಅವಳು ಹೋಗುವುದನ್ನು ಬಿಟ್ಟಳು. ಮೊದಲು ಬೇರೆಯವರು ಅವಳನ್ನು ದೂರ ಇಡುತ್ತಿದ್ದರು, ಆಮೇಲೆ ಆ ಕೆಲಸವನ್ನೂ ಅವಳೇ ಮಾಡಿಕೊಂಡಳು. ನಾನು ಹೇಳಬಹುದಿತ್ತು. ನಾಳೆ ಹೇಳೋಣ ಎಂದು ಹನ್ನೊಂದು ವರ್ಷ ಕಳೆದೆ.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದೆ. ನಾಮಕರಣ ಮುಗಿದು ಬಂದವರೆಲ್ಲ ಹೋದ ಮೇಲೆ ಮಗಳನ್ನು ಎತ್ತಿಕೊಂಡು ಹಿಂದಿನ ಕೋಣೆಗೆ ನಡೆದೆ. “ತಗೋ ಅತ್ತೆ” ಅಂದೆ. ಅವಳು ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಇನ್ನು ತಡೆಯಲಾಗಲಿಲ್ಲ.

“ಅತ್ತೆ, ಅವತ್ತು ಜಾಡಿಗೆ ಗಂಜಿ ಹಾಕಿದ್ದು ನಾನು. ನಿನ್ನ ಕೈಯಿಂದ ಏನೂ ಆಗ್ಲಿಲ್ಲ.”

“ಗೊತ್ತು ಕಣ್ಣು. ಅವತ್ತೇ ಗೊತ್ತು.”

“ಹಂಗಾದ್ರೆ ತಗೋ.”

ಅವಳು ಬಗ್ಗಿ ಕೂಸಿನ ಮುಖವನ್ನು ಬಹಳ ಹೊತ್ತು ನೋಡಿದಳು. ಕಣ್ಣು ತುಂಬಿತು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದಳು.

“ಇರ್ಲಿ ಬಿಡು. ಕೂಸು ಚಿಕ್ಕದು. ಇದ್ರ ಮೇಲೆ ಪರೀಕ್ಷೆ ಮಾಡಿ ನೋಡೋದು ಬ್ಯಾಡ.”

ಅತ್ತೆ ಹೋಗಿ ಎಷ್ಟೋ ವರ್ಷವಾಯಿತು. ಆ ಕೂಸಿಗೇ ಈಗ ತಲೆ ನರೆತಿದೆ. ಅತ್ತೆ ಅವಳನ್ನು ಒಮ್ಮೆಯೂ ಎತ್ತಿಕೊಳ್ಳಲಿಲ್ಲ.