ಹೊಗೆ ಹೊಕ್ಕ ದಾರಿ

ನಿನ್ನೆ ಯಲಬುರ್ಗಾದಿಂದ ಬರುವಾಗ ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕಿತು. ಹಳೆಯ ಬಸ್ಸು. ಏರಿನಲ್ಲಿ ಗೇರು ಬದಲಾದಾಗ ಎಲ್ಲಿಂದಲೋ ಸುಟ್ಟ ಡೀಸೆಲ್ಲಿನ ವಾಸನೆ ಬಂತು. ಪಕ್ಕದ ಹೆಣ್ಣುಮಗಳು ಮೂಗಿಗೆ ಸೆರಗು ಹಿಡಿದಳು. ನಾನು ಕಿಟಕಿ ತೆರೆದೆ. ಆದರೆ ತೆರೆಯುವ ಮುನ್ನ ಒಂದು ಉಸಿರು ಒಳಗೆಳೆದುಕೊಂಡೆ. ವಿಷವೆಂದು ಗೊತ್ತಿದ್ದೂ ಹಾಗೆ ಮಾಡುವವನನ್ನು ನೀವು ಹುಚ್ಚ ಅನ್ನಬಹುದು. ಅನ್ನಿ. ಆ ವಾಸನೆಯೊಳಗೆ ನನ್ನ ಬಾಳಿನ ಮೂರು ದಿನಗಳಿವೆ.

ಇಪ್ಪತ್ತು ವರ್ಷಗಳ ಹಿಂದೆ ನಾನು ಗಂಗಾವತಿಯ ಅಕ್ಕಿ ಗಿರಣಿಯೊಂದರ ಲಾರಿ ಓಡಿಸುತ್ತಿದ್ದೆ. ಲಾರಿಗೆ ನನ್ನಷ್ಟಲ್ಲದಿದ್ದರೂ ಸಾಕಷ್ಟು ವಯಸ್ಸಾಗಿತ್ತು. ಇಂಜಿನ್ನು ಅರ್ಧ ಕ್ಯಾಬಿನ್ನಿನೊಳಗೇ ಚಾಚಿಕೊಂಡು ಒಲೆಯ ಹಾಗೆ ಕಾಯುತ್ತಿತ್ತು. ಆ ವರ್ಷದ ಚಳಿಗಾಲದಲ್ಲಿ ನನಗೆ ತಲೆನೋವು ಹತ್ತಿತು. ಕುಷ್ಟಗಿ ಮುಟ್ಟುವಷ್ಟರಲ್ಲಿ ಹಣೆಯೊಳಗೆ ಯಾರೋ ಕಲ್ಲು ಕುಟ್ಟಿದಂತೆ. ಚಳಿಗೆ ಗಾಜು ಏರಿಸಿಕೊಂಡು ಕೂರುವುದರಿಂದ ಹೀಗಾಗುತ್ತಿದೆ ಎಂದು ಹೊಳೆಯಲಿಲ್ಲ. ಕಣ್ಣು ಕೆಟ್ಟಿವೆಯೆಂದು ಚಾಳೀಸು ಹಾಕಿಸಿಕೊಂಡೆ. ಗಿರಣಿಯ ಹಮಾಲರು ‘ಮಾಸ್ತರ ಬಂದ್ರು’ ಎಂದು ನಕ್ಕರು. ದೃಷ್ಟಿಯಾಗಿದೆಯೆಂದು ಯಾರೋ ಹೇಳಿದರು. ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದೆ. ಹೊಗೆಯ ವಾಸನೆಗೆ ನನ್ನ ಮೂಗು ಯಾವಾಗಲೋ ಒಗ್ಗಿಹೋಗಿತ್ತು.

ನನ್ನ ಹೆಂಡತಿ ನೀಲವ್ವ. ನಾನು ನೀಲಾ ಅನ್ನುತ್ತೇನೆ. ಅವಳ ತವರು ಕನಕಗಿರಿ. ಒಂದು ಬೆಳಿಗ್ಗೆ ಕುಷ್ಟಗಿಗೆ ಅಕ್ಕಿ ಹೇರಿಕೊಂಡು ಹೊರಟಾಗ, ದಾರಿಯಲ್ಲೇ ಇಳಿಯುತ್ತೇನೆಂದು ಅವಳೂ ಹತ್ತಿದಳು. ಗಾಜು ಮುಚ್ಚಿತ್ತು. ಊರ ಬಾಯಲ್ಲಿ ಸಂತೆಯ ಗದ್ದಲ; ಇಂಜಿನ್ ಬಂದ್ ಮಾಡದೆ ಅರ್ಧ ತಾಸು ನಿಂತೆವು. ತವರಿನ ಬಾಗಿಲಲ್ಲಿ ಇಳಿದವಳೇ ಗೋಡೆ ಹಿಡಿದು ವಾಂತಿ ಮಾಡಿಕೊಂಡಳು. ಕಣ್ಣು ಕತ್ತಲಿಟ್ಟು ಕಟ್ಟೆಯ ಮೇಲೆ ಕುಸಿದಳು.

ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ನಮಗೆ ಮಕ್ಕಳಿರಲಿಲ್ಲ.

ಅತ್ತೆ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, “ನನ್ನವ್ವಾ, ದೇವ್ರು ಕಣ್ಣ ತೆರದ ನೋಡು!” ಎಂದರು. ನೆರೆಮನೆಯವರು ಸಕ್ಕರೆ ತಂದರು. ನೀಲಾ ನನ್ನತ್ತ ನೋಡಿದಳು. ನಾನೋ, ಬಾಯಿಬಿಟ್ಟರೆ ಎಲ್ಲಿ ಸುಳ್ಳಾಗುವುದೋ ಎಂಬ ಹೆದರಿಕೆಗೆ, “ಮದ್ಲ ಡಾಕ್ಟರು ಏನಂತಾರ ನೋಡೂಣು” ಎಂದಷ್ಟೇ ಹೇಳಿ ಲಾರಿ ಹತ್ತಿದೆ. ಅವಳ ಮುಖ ಬಾಡಿದ್ದು ಕನ್ನಡಿಯಲ್ಲಿ ಕಂಡಿತು.

ಮರುದಿನ ಕೊಪ್ಪಳಕ್ಕೆ ಲೋಡು ಇತ್ತು. ಇಳಿಸಿದ ಮೇಲೆ ಲಾರಿ ತಾನಾಗಿಯೇ ಬೊಂಬೆಗಳ ಊರು ಕಿನ್ನಾಳದ ಹಾದಿ ಹಿಡಿಯಿತು ಎಂದರೆ ನೀವು ನಂಬಬೇಕು. ಅಲ್ಲಿ ಅಂಗೈಯಷ್ಟು ದೊಡ್ಡ ಕಟ್ಟಿಗೆಯ ಹಸಿರು ಗಿಳಿಯೊಂದನ್ನು ಕೊಂಡೆ. ಪೇಪರಿನಲ್ಲಿ ಸುತ್ತಿ ಸೀಟಿನ ಕೆಳಗಿನ ಸಾಮಾನಿನ ಪೆಟ್ಟಿಗೆಯಲ್ಲಿಟ್ಟೆ. ದಾರಿಯುದ್ದಕ್ಕೂ ಹಾಡಿದೆ. ತಲೆ ಸಿಡಿಯುತ್ತಿತ್ತು, ಆದರೂ ಹಾಡಿದೆ. ಅಂಥ ಹಾಡು ಮತ್ತೆ ನನ್ನ ಬಾಯಿಂದ ಬಂದಿಲ್ಲ.

ಮೂರನೆಯ ದಿನ ನೀಲಾ ಬಸ್ಸಿನಲ್ಲಿ ಗಂಗಾವತಿಗೆ ಬಂದಳು. ಲಾರಿಯಲ್ಲಿ ತಲೆ ಸಿಡಿದು, ಇಳಿದೊಡನೆ ವಾಂತಿಯಾದದ್ದನ್ನು ಕೇಳಿಕೊಂಡ ಡಾಕ್ಟರಮ್ಮ ಪರೀಕ್ಷೆ ಮಾಡಿ, ಇಲ್ಲ ಎಂದು ತಲೆಯಾಡಿಸಿದರು. ನೀಲಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತತೊಡಗಿದಳು. ನಾನು ಹಣೆ ಒತ್ತಿಕೊಳ್ಳುತ್ತಿದ್ದುದು ಡಾಕ್ಟರಮ್ಮನ ಕಣ್ಣಿಗೆ ಬಿತ್ತು.

“ನಿಮಗೂ ತಲಿ ನೋಯ್ತೈತೇನ್ರಿ? ಯಾವಾಗ?”

“ಲಾರಿ ಹೊಡಿಯೂವಾಗ್ರಿ.”

“ಲಾರಿ ಹೊಡಿಯದ ಸೂಟಿ ದಿನ?”

ಉತ್ತರ ಕೊಟ್ಟವಳು ನೀಲಾ. “ಆವತ್ತ ಇರೂದಿಲ್ರಿ.”

“ಹಂಗಾರ ಹೊಗಿ ಒಳಗ ಬರಾಕತ್ತೈತಿ. ರಿಪೇರಿ ಆಗೂತನಕ ಆ ಲಾರಿ ಹತ್ತಬ್ಯಾಡ್ರಿ. ನಿದ್ದಿ ಬಂದಂಗಾಗಿ ಜೀವಾನ ಹೋಗ್ತೈತಿ.”

ಮರುದಿನ ಬೆಳಿಗ್ಗೆ ಮೆಕ್ಯಾನಿಕ್ ಖಾಜಾಸಾಬರು ಗಿರಣಿಗೇ ಬಂದರು. ಬಿಳಿ ಗಡ್ಡ, ಸಾವಕಾಶದ ಮಾತು. ನೀಲಾಳೂ ಬಂದಿದ್ದಳು. ಬರಬೇಡವೆಂದರೆ ಕೇಳಲಿಲ್ಲ. “ನನಗ ಹಂಗ ಮಾಡಿದ್ದು ಎಲ್ಲೈತಿ, ನಾ ನೋಡಬೇಕು” ಎಂದಳು.

“ಹೊಗಿಗೆ ಎರಡು ಜಾಗ ಇರ್ತಾವ, ತಂಗಿ,” ಎಂದರು ಖಾಜಾಸಾಬರು. “ಹುಟ್ಟೂದು ಒಂದು, ಒಳಗ ಹೊಗೂದು ಒಂದು. ಒಂದ ಮುಚ್ಚಿದ್ರ ಮೋಸ ಆಕ್ಕೈತಿ.”

ಇಂಜಿನ್ನು ತಣ್ಣಗಿದ್ದಾಗಲೇ ಸೈಲೆನ್ಸರ್ ಪೈಪಿನ ಸಂದುಗಳಿಗೆಲ್ಲ ಸಾಬೂನಿನ ನೀರು ಬಳಿದರು. ಚಾಲೂ ಮಾಡಿಸಿ, ಹಿಂದಿನ ಬಾಯಿಗೆ ಒದ್ದೆ ಗೋಣಿಚೀಲ ಒಂದು ಗಳಿಗೆ ಒತ್ತಲು ನನಗೆ ಹೇಳಿದರು. ಪೈಪು ಇಂಜಿನ್ನಿಗೆ ಕೂಡುವಲ್ಲಿ ಬುಳುಬುಳು ನೊರೆ ಎದ್ದಿತು. ಅಲ್ಲಿಯ ಪ್ಯಾಕಿಂಗು ಸುಟ್ಟು, ಸುತ್ತಲೂ ಮಸಿ ಹಿಡಿದಿತ್ತು. ಹುಟ್ಟುವ ಜಾಗ ಸಿಕ್ಕಿತು. ಇಂಜಿನ್ ಬಂದ್ ಮಾಡಿಸಿ, ನನ್ನನ್ನು ಕೆಳಗೆ ಮಲಗಿಸಿ ಬೋಲ್ಟು ಹಿಡಿಸಿದರು.

“ತಂಗಿ, ಸೀಟಿನ ಕೆಳಗ ಪೆಟ್ಟಿಗಿ ಐತಿ. ಬೋಲ್ಟ ಬಿಚ್ಚೂ ಹದಿನಾಲ್ಕರ ಪಾನಾ ಕೊಡು.”

ಪೆಟ್ಟಿಗೆಯ ಮುಚ್ಚಳ ತೆರೆದ ಸದ್ದು ಕೇಳಿತು. ಆಮೇಲೆ ಪೇಪರು ಬಿಚ್ಚಿದ ಸದ್ದು. ಗಿಳಿಯನ್ನು ನಾನು ಮರೆತೇ ಬಿಟ್ಟಿದ್ದೆ. ಬಹಳ ಹೊತ್ತಿನ ಮೇಲೆ ಅವಳ ಕೈ ಪಾನಾ ಹಿಡಿದು ಹೊರಗೆ ಬಂತು. ಖಾಜಾಸಾಬರು ಇಸಿದುಕೊಂಡರು.

ಹೊಸ ಪ್ಯಾಕಿಂಗು ಕೂಡಿಸುವಷ್ಟರಲ್ಲಿ ಬಿಸಿಲೇರಿತ್ತು. ಹೊಗುವ ಜಾಗ ಹುಡುಕಲು ಅವರು ಕ್ಯಾಬಿನ್ನಿನ ಗಾಜುಗಳ ಮೇಲೆಲ್ಲ ಲೋಡಿಗೆ ಹೊದಿಸುವ ತಾಡಪತ್ರೆ ಮುಚ್ಚಿ, ನಮ್ಮಿಬ್ಬರ ಕೈಗೂ ಸೀಮೆಸುಣ್ಣ ಕೊಟ್ಟರು. “ಒಳಗ ಕುಂದರ್ರಿ. ಬೆಳಕು ಬಂದಲ್ಲೆಲ್ಲ ಗೆರಿ ಹಾಕ್ರಿ. ಬೆಳಕು ಬರೂ ದಾರ‍್ಯಾಗ ಹೊಗಿನೂ ಬರ್ತೈತಿ.”

ಕತ್ತಲಲ್ಲಿ ಕೂತೆವು. ಕಣ್ಣು ಹೊಂದಿದಂತೆ ನೆಲದ ತಗಡಿನಲ್ಲಿ ಚುಕ್ಕೆಗಳು ಕಂಡವು. ಗೇರ್ ರಾಡಿನ ಬುಡದ ರಬ್ಬರು ಹರಿದು ಅಲ್ಲೊಂದು ಬೆಳಕಿನ ಬಳೆ. ನೀಲಾ ಬಾಗಿ ಅದರ ಸುತ್ತ ಗೆರೆ ಎಳೆದಳು. ತಲೆಯೆತ್ತದೆಯೇ ಕೇಳಿದಳು:

“ನೀವೂ ನಂಬಿದ್ರೇನು?”

“ಹೂಂ” ಎಂದೆ.

“ನಾ ಒಬ್ಬಾಕೀನ ಅಂತ ತಿಳದಿದ್ನಿ.”

ಅವಳು ಅತ್ತಳು. ನಾನೂ ಅತ್ತೆ. ಹೊರಗೆ ಖಾಜಾಸಾಬರು ಒಂದು ಸಲ ಕೆಮ್ಮಿದರು, ಕರೆಯಲಿಲ್ಲ.

ತೂತುಗಳೆಲ್ಲ ಮುಚ್ಚಿದವು, ಹೊಸ ರಬ್ಬರು ಬಂತು. ಗಿಳಿಯನ್ನು ನೀಲಾ ತಾನೇ ಖಾಜಾಸಾಬರ ಮೊಮ್ಮಗಳಿಗೆ ಕೊಟ್ಟಳು. ವಾರದೊಳಗೆ ನನ್ನ ತಲೆನೋವು ಹೋಯಿತು. ಮಕ್ಕಳು ಮಾತ್ರ ಆಗಲಿಲ್ಲ. ಆ ಮೂರು ದಿನಗಳ ಮಾತನ್ನು ನಾವು ಮತ್ತೆ ಎತ್ತಲಿಲ್ಲ. ಎತ್ತಿದರೆ ಅವಳಿಗೆ ನೋವಾದೀತೆಂದು ನಾನು ಸುಮ್ಮನಿದ್ದೆ. ಈಗ ಅನಿಸುತ್ತದೆ, ಅದು ಅವಳ ಮೇಲಿನ ಕನಿಕರವಲ್ಲ, ನನ್ನ ಪುಕ್ಕಲುತನ.

ನಿನ್ನೆ ಮನೆಗೆ ಬಂದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಚಪ್ಪಲಿ ಬಿಡುತ್ತಲೇ ಕೇಳಿಬಿಟ್ಟೆ.

“ನೀಲಾ, ಆವಾಗ ಕನಕಗಿರ‍್ಯಾಗ... ಹೆಸರೇನರ ನೆನಿಸಿದ್ದೇನು?”

ಯಾವಾಗ ಎಂದು ಅವಳು ಕೇಳಲಿಲ್ಲ. ಬಡಿಯುತ್ತಿದ್ದ ಕೈ ನಿಂತಿತು.

“ಹೆಣ್ಣಾದ್ರ ತುಂಗಾ.”

“ಗಂಡಾದ್ರ?”

“ಅದನ್ನ ನಿಮಗ ಬಿಟ್ಟಿದ್ನಿ. ನೀವು ಕೇಳಲೇ ಇಲ್ಲ.”

ಮಣೆ ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತೆ. ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದಳು. ನಾನು ಒಂದು ಹೆಸರು ಯೋಚಿಸತೊಡಗಿದೆ.