ಖಾಲಿ ಸಾಕೆಟ್ಟಿನ ಮೇಲೆ ತಿರುಗಿದ ತಟ್ಟೆ

ಇಂಥದ್ದನ್ನೆಲ್ಲ ನಂಬುವವಳು ನಾನಲ್ಲ. ನಮ್ಮ ಮಂಗಲ್ಪಾಡಿಯಲ್ಲಿ ಒಂದೊಂದು ಮನೆಗೂ ಇಂಥ ಒಂದೊಂದು ಕಥೆ ಇದೆ. ಚಿಲಕ ಹಾಕಿದ ಬಾಗಿಲು ತೆರೆದದ್ದು, ಯಾರೂ ಇಲ್ಲದ ಕೋಣೆಯಲ್ಲಿ ಕೆಮ್ಮು ಕೇಳಿದ್ದು. ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗಿ ಚಹಾಕ್ಕೆ ನೀರಿಡುತ್ತಿದ್ದೆ. ಹತ್ತೊಂಬತ್ತನೇ ವಯಸ್ಸಿನಿಂದ ಬೋರ್ಡಿಗೆ ಬೆಸುಗೆ ಹಾಕುವುದೇ ನನ್ನ ಕೆಲಸ. ಹನ್ನೊಂದು ವರ್ಷ ಒಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಉದ್ದ ಮೇಜಿನಲ್ಲಿ ಕೂತು ಮಾಡಿದೆ. ಅದು ಮುಚ್ಚಿದ ಮೇಲೆ ಮನೆಯ ಜಗಲಿಯಲ್ಲೇ ರಿಪೇರಿ ಶುರು ಮಾಡಿದೆ. ಕರೆಂಟು ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುತ್ತದೆ. ನಡುವೆ ನಿಂತರೆ ಅದಕ್ಕೊಂದು ಕಾರಣ ಇರುತ್ತದೆ, ಹುಡುಕಿದರೆ ಸಿಗುತ್ತದೆ. ನನಗೆ ಗೊತ್ತಿದ್ದದ್ದು ಅಷ್ಟೇ, ಅಷ್ಟು ಸಾಕೂ ಆಗಿತ್ತು.

ಈ ಕೆಲವು ವರ್ಷಗಳಿಂದ ನನ್ನ ಹತ್ತಿರ ಹೆಚ್ಚಾಗಿ ಬರುವುದು ಹಳೆಯ ಟರ್ನ್‌ಟೇಬಲ್‌ಗಳು. ಒಂದು ಕಾಲದಲ್ಲಿ ಗಲ್ಫಿನಿಂದ ಬಂದವರು ಹೊತ್ತು ತಂದು, ಆಮೇಲೆ ಅಟ್ಟಕ್ಕೆ ಹಾಕಿದವು. ಅದರಲ್ಲಿ ಡೈರೆಕ್ಟ್ ಡ್ರೈವ್ ಎಂಬ ಜಾತಿ ಬೇರೆ. ಅದಕ್ಕೆ ಬೆಲ್ಟ್ ಇಲ್ಲ. ರೆಕಾರ್ಡು ಕೂರುವ ತಟ್ಟೆಯ ಅಡಿಯಲ್ಲೇ ಅಯಸ್ಕಾಂತ ಇರುತ್ತದೆ, ಅದರ ಕೆಳಗೆ ಬೋರ್ಡಿನ ಮೇಲೆ ತಂತಿಯ ಸುರುಳಿಗಳು. ಯಾವ ಸುರುಳಿ ಯಾವಾಗ ಎಳೆಯಬೇಕೆಂದು ಹೇಳುವುದಕ್ಕೆ ಒಂದು ಐಸಿ, ಎರಡು ಸಾಲು ಕಾಲುಗಳ ಸಣ್ಣ ಕಪ್ಪು ಚಿಪ್. ತಟ್ಟೆಯ ಅಂಚಿನಲ್ಲಿ ಸಾಲು ಚುಕ್ಕಿಗಳು, ಪಕ್ಕದಲ್ಲಿ ಒಂದು ಸಣ್ಣ ಕೆಂಪು ದೀಪ. ವೇಗ ಸರಿ ಇದ್ದರೆ ತಟ್ಟೆ ತಿರುಗುತ್ತಿದ್ದರೂ ಆ ದೀಪದ ಬೆಳಕಿನಲ್ಲಿ ಚುಕ್ಕಿಗಳು ನಿಂತ ಹಾಗೆ ಕಾಣುತ್ತವೆ. ನೋಡುವವರಿಗೆ ಮಾಟದ ಹಾಗೆ. ಅದಕ್ಕೂ ಕಾರಣ ಇದೆ, ಕೇಳಿದವರಿಗೆಲ್ಲ ನಾನು ಹೇಳಿಕೊಡುತ್ತೇನೆ.

ಕುಂಜತ್ತೂರಿನ ಐತಪ್ಪಣ್ಣ ಅಂಥದ್ದೊಂದನ್ನು ಬೆಡ್‌ಶೀಟಿನಲ್ಲಿ ಸುತ್ತಿ ರಿಕ್ಷಾದಲ್ಲಿ ತಂದದ್ದು ಮೂರು ವರ್ಷದ ಹಿಂದೆ. ಎಪ್ಪತ್ತು ದಾಟಿದ ಮನುಷ್ಯ, ಮದುವೆಯಾಗಿಲ್ಲ, ತಂಗಿ ಲೀಲಕ್ಕನ ಜೊತೆ ಇರುವುದು. ರೇಷನ್ ಅಂಗಡಿಯಲ್ಲಿ ಅಕ್ಕಿ ತೂಗುತ್ತಿದ್ದವರು ಎಂದಷ್ಟೇ ನನಗೆ ಗೊತ್ತಿತ್ತು. ಅದಕ್ಕೂ ಮೊದಲು ಅವರು ಯಕ್ಷಗಾನ ಮೇಳದಲ್ಲಿ ಮದ್ದಳೆ ಬಾರಿಸುತ್ತಿದ್ದರಂತೆ. ಇಪ್ಪತ್ತೇಳನೇ ವಯಸ್ಸಿನಲ್ಲಿ ಮದರಾಸಿಗೆ ಹೋಗಿ ಒಂದು ಸಣ್ಣ ರೆಕಾರ್ಡಿಗೆ ಬಾರಿಸಿದ್ದರು. ಒಂದು ಬದಿಗೆ ಒಂದು ಏರು ಪದ್ಯ, ಹೋದ ಹಾಗೆ ವೇಗ ಏರುವಂಥದ್ದು, ಆರೇಳು ನಿಮಿಷದ್ದು. ಊರಿಗೆ ಬಂದ ಮೇಲೆ, ಅದರಲ್ಲಿ ಹಾಡಿದ್ದ ಮೇಳದ ಭಾಗವತರು, ಮುಕ್ತಾಯದಲ್ಲಿ ಐತಪ್ಪ ಅವಸರ ಮಾಡಿದ, ಪದ್ಯ ಹಾಳಾಯಿತು, ರೆಕಾರ್ಡಿನಲ್ಲಿ ಅದು ಶಾಶ್ವತವಾಗಿ ಉಳಿಯಿತು ಎಂದು ನಾಲ್ಕು ಜನರ ಎದುರು ಹೇಳಿದರಂತೆ. ಮರುವರ್ಷ ಮೇಳಕ್ಕೆ ಕರೆಯಲಿಲ್ಲ. ಬೇರೆ ಮೇಳದವರೂ ಕರೆಯಲಿಲ್ಲ. ಭಾಗವತರು ತೀರಿಹೋಗಿ ಬಹಳ ಕಾಲವಾಯಿತು, ಮಾತು ಮಾತ್ರ ಹಾಗೇ ಉಳಿಯಿತು.

ತಾನು ನಿಜವಾಗಿ ತಪ್ಪಿದ್ದೆನೋ ಇಲ್ಲವೋ ಐತಪ್ಪಣ್ಣನಿಗೆ ಗೊತ್ತಿರಲಿಲ್ಲ. ಆ ರೆಕಾರ್ಡನ್ನು ಅವರು ಒಮ್ಮೆಯೂ ಕೇಳಿರಲಿಲ್ಲ. ಮೊದಲು ಕೇಳಲು ಯಂತ್ರ ಇರಲಿಲ್ಲ, ಆಮೇಲೆ ಕೇಳಲು ಧೈರ್ಯ ಇರಲಿಲ್ಲ. ಈಗ ಬಲಗಿವಿ ಪೂರ್ತಿ ಹೋಗಿತ್ತು. ಎಡಗಿವಿಯೂ ಆರೆಂಟು ತಿಂಗಳಲ್ಲಿ ಹೋಗಬಹುದು, ಮಾಡುವುದಕ್ಕೆ ಏನೂ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಆಮೇಲೆಯೇ ಅವರು ಎಲ್ಲೆಲ್ಲಿಯೋ ವಿಚಾರಿಸಿ ರೆಕಾರ್ಡನ್ನೂ ಯಂತ್ರವನ್ನೂ ಸಂಪಾದಿಸಿದ್ದು.

“ಅವಸರ ಮಾಡಿದೆ ಅಂತಲೇ ನನ್ನನ್ನು ಮನೆಗೆ ಕಳಿಸಿದ್ದು ಅಕ್ಕ,” ಎಂದರು ಅವತ್ತು. “ಹಾಗಾಗಿ ಅವಸರ ಉಂಟು ಅಂತ ಹೇಳ್ಲಿಕ್ಕೆ ನನಗೆ ನಾಚಿಕೆ. ಆದ್ರೆ ಸ್ವಲ್ಪ ಅವಸರ ಉಂಟು.”

ಮಂಗಳೂರಿನಲ್ಲಿ ಒಬ್ಬರ ಹತ್ತಿರ ಓಡುವ ಯಂತ್ರ ಇದೆ, ಅಲ್ಲಿ ಕೇಳಬಹುದು ಎಂದೆ. ಅದಕ್ಕೆ ಅವರು ಒಪ್ಪಲಿಲ್ಲ. ತಪ್ಪು ಇದ್ದರೆ ಅದನ್ನು ಇನ್ನೊಬ್ಬರ ಚಾವಡಿಯಲ್ಲಿ, ಅವರು ಮುಖ ನೋಡುತ್ತಿರುವಾಗ ಕೇಳುವುದು ಬೇಡವಂತೆ. ಹಾಗಾದರೆ ಓಣಂ ಹಬ್ಬಕ್ಕೆ ಮುಂಚೆ ಇದನ್ನೇ ಓಡಿಸಿಕೊಡುತ್ತೇನೆ ಎಂದೆ. ಯಾವ ಧೈರ್ಯದಲ್ಲಿ ಹೇಳಿದೆನೋ.

ಐಸಿ ಸುಟ್ಟಿತ್ತು. ತೆಗೆದು ನೋಡಿದಾಗ ಅದರ ನೆತ್ತಿಯಲ್ಲಿ ಸಾಸಿವೆಯಷ್ಟು ಗುಳ್ಳೆ ಎದ್ದಿತ್ತು. ಆ ಜಾಗದಲ್ಲಿ ಐಸಿಯ ಕಾಲುಗಳು ಇಳಿಯುವ ಸಾಕೆಟ್ ಕೂರಿಸಿ, ಹೊಸ ಐಸಿಗೆ ಬರೆದು ಹಾಕಿದೆ. ಆ ಜಾತಿಯ ಐಸಿ ಮಾಡುವುದನ್ನು ನಿಲ್ಲಿಸಿ ಎಷ್ಟೋ ವರ್ಷಗಳಾಗಿವೆ. ಇಪ್ಪತ್ತಾರು ದಿನ ಕಾದ ಮೇಲೆ ಬಂದದ್ದು ನಕಲಿ. ಮೇಲಿನ ಅಕ್ಷರ ಉಗುರಿನಲ್ಲಿ ಉಜ್ಜಿದರೆ ಹೋಗುತ್ತಿತ್ತು. ಇನ್ನೊಂದು ಕಡೆಯಿಂದ ತರಿಸಿದೆ, ಅದೂ ಹಾಗೇ. ಸುರುಳಿಗಳನ್ನು ಒಂದೊಂದಾಗಿ ಅಳೆದೆ, ಕೆಪಾಸಿಟರುಗಳನ್ನೆಲ್ಲ ಬದಲಿಸಿದೆ, ಮಾಡಿದ್ದನ್ನೆಲ್ಲ ದಿನದಿನವೂ ಪುಸ್ತಕದಲ್ಲಿ ಬರೆದಿಟ್ಟೆ. ನಡುವೆ ಲೀಲಕ್ಕ ಫೋನ್ ಮಾಡಿ, ಅಣ್ಣ ಸ್ಪೀಕರು ಆಂಪ್ಲಿಫೈಯರು ಎಲ್ಲ ತಂದು ಸಾಲಾಗಿ ಇಟ್ಟು ಕೂತಿದ್ದಾರೆ, ಮದುಮಗಳು ಬರುವ ಮನೆಯ ಹಾಗೆ ಆಗಿದೆ ಎಂದು ನಗಾಡುತ್ತಿದ್ದರು.

ಇನ್ನೊಂದು ವಿಷಯ ಮುಚ್ಚಿಡುವುದಿಲ್ಲ. ಆಗ ನನ್ನ ಮೇಜಿನ ಮೇಲೆ ಬೇರೆ ಗಿರಾಕಿಯದ್ದೊಂದು ಯಂತ್ರ ರಿಪೇರಿಯಾಗಿ ಚೆನ್ನಾಗಿ ಓಡುತ್ತಾ ಇತ್ತು. ಅದನ್ನು ಒಂದು ದಿನದ ಮಟ್ಟಿಗೆ ಕುಂಜತ್ತೂರಿಗೆ ಕೊಂಡುಹೋಗಬಹುದಿತ್ತು. ಒಬ್ಬರ ಸಾಮಾನನ್ನು ಇನ್ನೊಬ್ಬರಿಗೆ ಕೊಡಬಾರದು ಎಂಬುದು ನನ್ನ ಕಟ್ಟುನಿಟ್ಟು. ಇನ್ನೂ ಸಮಯ ಇದೆಯಲ್ಲ ಎಂದುಕೊಂಡೆ. ಹತ್ತನೇ ವಾರ ಲೀಲಕ್ಕನ ಫೋನು ಬಂತು. ಈ ಸಲ ನಗು ಇರಲಿಲ್ಲ. ಬೆಳಿಗ್ಗೆ ಎದ್ದವರೇ ಅಣ್ಣ, ಕಾಗೆ ಎಲ್ಲ ಎಲ್ಲಿ ಹೋದವು ಎಂದು ಕೇಳಿದರಂತೆ.

ಯಂತ್ರವನ್ನು ಹಿಂದೆ ಕೊಡುವುದು ಬಿಟ್ಟು ನನಗೆ ಇನ್ನು ಮಾಡಲಿಕ್ಕೆ ಏನೂ ಇರಲಿಲ್ಲ. ಸುಟ್ಟ ಐಸಿಯನ್ನು ತಿರುಗಿ ಹಾಕುವುದರಲ್ಲಿ ಅರ್ಥವಿಲ್ಲ ಎಂದು ಸಾಕೆಟ್ಟನ್ನು ಖಾಲಿ ಬಿಟ್ಟು, ತಟ್ಟೆ ಕೂರಿಸಿ, ಅದೇ ಬೆಡ್‌ಶೀಟಿನಲ್ಲಿ ಸುತ್ತಿ ಹೊರಟೆ. ಆ ಫೋನು ಬಂದು ಒಂಬತ್ತನೇ ದಿನ, ಮಧ್ಯಾಹ್ನದ ಊಟ ಆಗಿ ಎರಡು ಗಂಟೆಯ ಹೊತ್ತು. ಲೀಲಕ್ಕ ಪಿಂಚಣಿಗೆ ಬೆರಳಚ್ಚು ಕೊಡುವ ಮಸ್ಟರಿಂಗಿಗೆ ಅಕ್ಷಯ ಕೇಂದ್ರಕ್ಕೆ ಹೋಗಿದ್ದರು. ಐತಪ್ಪಣ್ಣ ಒಬ್ಬರೇ ಇದ್ದರು. ಕಿವಿ ಹೋದವರು ಮಾತಾಡುವ ಹಾಗೆ ಸ್ವಲ್ಪ ದೊಡ್ಡದಾಗಿ ಮಾತಾಡಿದರು. ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದೆ: ಸರಿಯಾಗಲಿಲ್ಲ, ಇನ್ನು ಆಗುವುದೂ ಇಲ್ಲ, ಕ್ಷಮಿಸಿ. ಓದಿ ತಲೆಯಾಡಿಸಿದರು. ಬೈದಿದ್ದರೆ ಒಳ್ಳೆಯದಿತ್ತು.

ಆದರೂ ಅದನ್ನು ಅದರ ಜಾಗದಲ್ಲಿ ಇಟ್ಟು ವಯರೆಲ್ಲ ಕೊಟ್ಟು ಹೋಗಿ ಎಂದರು. ಇಷ್ಟು ದಿನ ಆ ಮೇಜು ಖಾಲಿ ಇತ್ತಲ್ಲ, ಅದಕ್ಕಿರಬೇಕು. ನಾನು ಆಂಪ್ಲಿಫೈಯರಿಗೆ ಜೋಡಿಸಿ ಸ್ವಿಚ್ ಹಾಕಿದೆ. ಕೆಂಪು ದೀಪ ಹೊತ್ತಿತು. ಅದು ಹೊತ್ತಿಯೇ ಹೊತ್ತುತ್ತದೆ, ಅದಕ್ಕೆ ಕರೆಂಟು ನೇರ ಹೋಗುವುದು, ಐಸಿಯ ಹಂಗಿಲ್ಲ. ಐತಪ್ಪಣ್ಣ ಕಪಾಟಿನಿಂದ ರೆಕಾರ್ಡು ತಂದು, ಧೋತಿಯ ತುದಿಯಲ್ಲಿ ಒರೆಸಿ ತಟ್ಟೆಯ ಮೇಲಿಟ್ಟರು. ಮುಳ್ಳಿನ ತೋಳನ್ನು ಎತ್ತಿ ಒಳಗೆ ತಂದರು. ತೋಳು ಒಳಗೆ ಬಂದರೆ ಮೋಟಾರು ಶುರುವಾಗುವ ಮಾದರಿ ಅದು. ಇದರಲ್ಲಿ ಶುರುವಾಗುವುದಕ್ಕೆ ಏನೂ ಇರಲಿಲ್ಲ.

ತಟ್ಟೆ ತಿರುಗಿತು.

ಅವರ ಕೈ ತಾಗಿರಬೇಕು ಎಂದುಕೊಂಡೆ. ತಾಗಿದರೆ ಎರಡು ಸುತ್ತು ಬಂದು ನಿಲ್ಲುತ್ತದೆ. ಇದು ನಿಲ್ಲಲಿಲ್ಲ. ಬಗ್ಗಿ ಅಂಚು ನೋಡಿದೆ. ನಿಮಿಷಕ್ಕೆ ನಲವತ್ತೈದು ಸುತ್ತಿನ ವೇಗಕ್ಕೆಂದು ಇರುವ ಸಾಲಿನ ಚುಕ್ಕಿಗಳು ಮೊಳೆ ಹೊಡೆದ ಹಾಗೆ ನಿಂತಿದ್ದವು. ನಾನು ಅಲ್ಲೇ ನೆಲದಲ್ಲಿ ಕೂತೆ. ಐತಪ್ಪಣ್ಣನಿಗೆ ಇದರಲ್ಲಿ ಯಾವ ವಿಚಿತ್ರವೂ ಕಾಣಲಿಲ್ಲ. ಅವರು ಮುಳ್ಳನ್ನು ಇಳಿಸಿದರು. ಸ್ವಲ್ಪ ಕರಕರ, ಆಮೇಲೆ ಜಾಗಟೆ, ಭಾಗವತರ ಗಂಟಲು, ಅದರ ಬೆನ್ನಿಗೇ ಮದ್ದಳೆ. ಸ್ಪಷ್ಟವಾಗಿ ಬಂತು.

ಅವರು ರೆಕಾರ್ಡನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು.

“ಹಾಡ್ತಾ ಉಂಟಾ?”

ಹೌದೆಂದು ತಲೆಯಾಡಿಸಿದೆ.

“ಮದ್ದಳೆ ಕೇಳ್ತದಾ?”

ಮತ್ತೆ ತಲೆಯಾಡಿಸಿದೆ. ಅವರು ಸ್ಪೀಕರಿನ ಮೇಲೆ ಅಂಗೈ ಇಟ್ಟು ನೋಡಿದರು. ಬರೀ ನಡುಕ, ಹಾಡಿನದ್ದೂ ಜಾಗಟೆಯದ್ದೂ ಮದ್ದಳೆಯದ್ದೂ ಒಟ್ಟಿಗೆ, ಗೊತ್ತಾಗುವುದಿಲ್ಲ ಎಂದರು. ಆಮೇಲೆ ನನ್ನ ಎದುರು ನೆಲದಲ್ಲಿ ಕೂತು ಎಡಗೈಯನ್ನು ಮುಂದೆ ಚಾಚಿದರು. ಕೇಳಿದ ಪೆಟ್ಟನ್ನು ಹಾಗೆಯೇ ಇದರ ಮೇಲೆ ಹಾಕಿ ಎಂದರು.

ಫೋನಿನಲ್ಲಿ ರೆಕಾರ್ಡ್ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬ್ಯಾಗಿನಲ್ಲೇ ಫೋನು ಇತ್ತು. ನೆನಪೇ ಆಗಲಿಲ್ಲ. ಒಬ್ಬ ಮನುಷ್ಯ ಹಾಗೆ ಕೈ ಚಾಚಿ ಕೂತಾಗ ಬೇರೆ ಏನೂ ನೆನಪಾಗುವುದಿಲ್ಲ.

ನಾನು ಎರಡು ಬೆರಳಿನಲ್ಲಿ ಅವರ ಅಂಗೈ ಮೇಲೆ ಬಡಿಯತೊಡಗಿದೆ. ನನಗೆ ತಾಳ ಗೊತ್ತಿಲ್ಲ. ಸಣ್ಣದಿರುವಾಗ ಯಕ್ಷಗಾನ ಆಟ ನೋಡಲು ಹೋಗಿ ಮೊದಲ ಗಂಟೆಯಲ್ಲೇ ಅಮ್ಮನ ಮಡಿಲಲ್ಲಿ ನಿದ್ದೆ ಹೋಗುತ್ತಿದ್ದವಳು ನಾನು. ಮೊದಲಿಗೆ ಪದ್ಯ ನಿಧಾನ ಇತ್ತು, ಹೇಗೋ ಹಿಡಿದೆ. ಐತಪ್ಪಣ್ಣ ಕಣ್ಣು ಮುಚ್ಚಿದ್ದರು. ಅವರ ಬಲಗೈ ಬೆರಳು ತನ್ನಷ್ಟಕ್ಕೆ ತೊಡೆಯ ಮೇಲೆ ಓಡುತ್ತಿತ್ತು. ವೇಗ ಏರಿದ ಹಾಗೆ ನನ್ನ ಕೈ ಹಿಂದೆ ಬಿತ್ತು. ಎರಡು ಕೈಯಲ್ಲಿ ಬಾರಿಸಿದ್ದನ್ನು ಎರಡು ಬೆರಳಿನಲ್ಲಿ ಹೇಳಲಿಕ್ಕೆ ಎಲ್ಲಿ ಆಗುತ್ತದೆ? ಕೆಲವು ಪೆಟ್ಟು ಬಿಟ್ಟುಹೋಯಿತು, ಕೆಲವು ನಾನೇ ಸೇರಿಸಿದೆನೋ ಏನೋ. ಬೆವರಿನಲ್ಲಿ ಬೆರಳು ಜಾರುತ್ತಿತ್ತು. ಅವರು ಕಣ್ಣು ತೆರೆದು ತೋಳು ಎಲ್ಲಿಗೆ ಬಂತೆಂದು ನೋಡಿದರು. “ಈಗ ಮುಕ್ತಾಯ. ಸರಿ ಕೇಳಿ ಅಕ್ಕ,” ಎಂದರು.

ಕಿವಿಗೊಟ್ಟು ಕೇಳಿದೆ. ಮದ್ದಳೆ ಒಂದೇ ಸಮನೆ ಉರುಳಿಕೊಂಡು ಬಂತು, ಭಾಗವತರು ಎತ್ತರಕ್ಕೆ ಹೋದರು, ಎಲ್ಲ ಒಂದು ಕಡೆ ಬಂದು ನಿಂತಿತು. ನನ್ನ ಬೆರಳು ಮಾತ್ರ ಅದಕ್ಕಿಂತ ಒಂದು ಪೆಟ್ಟು ಮೊದಲೋ ಆಮೇಲೋ ನಿಂತಿತು. ರೆಕಾರ್ಡಿನಲ್ಲಿ ಇದ್ದದ್ದೇ ಹಾಗೆಯೋ, ನಾನು ಎಡವಿದ್ದೋ, ನನಗೆ ಆಗಲೂ ಗೊತ್ತಾಗಲಿಲ್ಲ.

ತಟ್ಟೆ ನಿಧಾನವಾಗಿ ನಿಂತಿತು. ನಾನು ರೆಕಾರ್ಡನ್ನು ತೆಗೆದು, ತಟ್ಟೆಯನ್ನು ಎತ್ತಿ ಬದಿಗಿಟ್ಟು ನೋಡಿದೆ. ಸಾಕೆಟ್ಟಿನ ತೂತುಗಳು ಎರಡು ಸಾಲಿನಲ್ಲಿ ಖಾಲಿ ಇದ್ದವು. ಪುನಃ ಕೂರಿಸಿ ತೋಳನ್ನು ಒಳಗೆ ತಂದೆ. ತಿರುಗಲಿಲ್ಲ. ಹತ್ತು ಸಲ ಮಾಡಿದೆ. ಆಮೇಲೆ ಎರಡು ಬಾರಿ ಅದಕ್ಕೆಂದೇ ಕುಂಜತ್ತೂರಿಗೆ ಹೋಗಿ ಮಾಡಿದೆ. ತಿರುಗಲಿಲ್ಲ.

ಅದೇ ಕಸುಬಿನವರಿಬ್ಬರಿಗೆ ಹೇಳಿದೆ. ಒಬ್ಬರು ಎಲ್ಲೋ ಕರೆಂಟು ಸೋರಿರಬೇಕು ಎಂದರು. ಸೋರಿದ ಕರೆಂಟು ಒಂದು ಸುರುಳಿಯನ್ನು ಬಿಸಿ ಮಾಡಬಹುದು. ಸುರುಳಿಗಳನ್ನು ಸರದಿಯಲ್ಲಿ ಎಳೆದು ಚುಕ್ಕಿಯನ್ನು ಆರೇಳು ನಿಮಿಷ ನಿಲ್ಲಿಸುವುದಿಲ್ಲ. ಇನ್ನೊಬ್ಬರು ನನ್ನ ಬಿಪಿ ಎಷ್ಟು ಎಂದು ಕೇಳಿದರು. ತಟ್ಟೆ ತಿರುಗಿದ್ದನ್ನು ಐತಪ್ಪಣ್ಣನೂ ನೋಡಿದ್ದಾರೆ. ಕೇಳಿದವಳು ಮಾತ್ರ ನಾನೊಬ್ಬಳೇ. ಕೇಳಿ ಹೇಳಲು ಗೊತ್ತಿದ್ದ ಯಾರಾದರೂ ಆ ಹೊತ್ತಿಗೆ ಆ ಕೋಣೆಯಲ್ಲಿ ಇರಬಹುದಿತ್ತು. ಅಥವಾ ಅದು ಹತ್ತು ದಿನ ಮೊದಲು ತಿರುಗಬಹುದಿತ್ತು.

ರೆಕಾರ್ಡನ್ನು ತಾಳ ಗೊತ್ತಿರುವವರ ಹತ್ತಿರ ಕೊಂಡುಹೋಗಿ ಕೇಳಿಸಿ ಬರುತ್ತೇನೆ ಎಂದು ಆ ದಿನವೇ ಬರೆದು ತೋರಿಸಿದ್ದೆ. ಐತಪ್ಪಣ್ಣ ನೋಟ್‌ಬುಕ್ಕನ್ನು ಮುಚ್ಚಿದರು. “ಬೇರೆಯವರು ಕೇಳಿ ಹೇಳಿದ್ದೇ ಅಲ್ವಾ ಇಷ್ಟು ವರ್ಷ,” ಎಂದರು.

ಹೊರಡುವಾಗ ಮೆಟ್ಟಿಲಿನವರೆಗೆ ಬಂದರು. ಎಡಗೈಯ ಅಂಗೈಯನ್ನು ಬಲಗೈಯಿಂದ ಉಜ್ಜಿಕೊಳ್ಳುತ್ತಾ ಇದ್ದರು. ಬಸ್ಸಿಗೆ ಹೊತ್ತಾಗುತ್ತದೆ ಎಂದು ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ, ಬೈಗುಳವಲ್ಲ, ತಿಳಿದುಕೊಳ್ಳಬೇಕೆಂದೇ ಕೇಳುವ ಹಾಗೆ, “ಅಕ್ಕ, ಕೊನೆಗೆ ಅಲ್ಲಿ ತಪ್ಪಿದ್ದು ನಾನಾ, ನೀವಾ?” ಎಂದು ಕೇಳಿದರು. ನೋಟ್‌ಬುಕ್ಕು ಒಳಗೆ ಮೇಜಿನ ಮೇಲೆ ಉಳಿದಿತ್ತು. ಚಪ್ಪಲಿ ಬಿಟ್ಟು ಒಳಗೆ ಹೋಗಿ, ನನಗೂ ಗೊತ್ತಾಗಲಿಲ್ಲ ಎಂದು ಬರೆದು ತಂದು ತೋರಿಸಿದೆ.